ಒತ್ತಡದ ಅಂಕಿಯೊಂದೇ ಸಾಲದು: ಕೈಗಾರಿಕಾ ಪೈಪ್‌ಗಳ ತಾಳಿಕೆಯ ಮಿತಿ ನಿರ್ಧಾರವಾಗುವ ಬಗೆ

ಒಂದು ಶತಮಾನದಷ್ಟು ಹಳೆಯದಾದ 1923ರ ಭಾರತೀಯ ಬಾಯ್ಲರ್ ಕಾಯ್ದೆಯ ಸ್ಥಾನಕ್ಕೆ 2025ರಲ್ಲಿ ಹೊಸ ಬಾಯ್ಲರ್ ಕಾಯ್ದೆ ಬಂದಿದೆ. ಬಾಯ್ಲರ್ ಎಂದೊಡನೆ ಸಕ್ಕರೆ ಕಾರ್ಖಾನೆಯ ಅಥವಾ ವಿದ್ಯುತ್ ಸ್ಥಾವರದ ಬೃಹತ್ ಯಂತ್ರವೇ ಮನಸ್ಸಿಗೆ ಬರುತ್ತದೆ; ಆದರೆ ಕಾನೂನಿನ ಕಣ್ಣು ಅಲ್ಲಿಂದ ಹೊರಡುವ ಹಬೆಯ ಕೊಳವೆಗಳ ಮೇಲೂ ಇದೆ. ಪ್ರತಿ ಚದರ ಸೆಂಟಿಮೀಟರಿಗೆ 3.5 ಕಿಲೋಗ್ರಾಂಗಿಂತ ಹೆಚ್ಚಿನ ಒತ್ತಡದ ಹಬೆ ಹರಿಯುವ ಪೈಪ್ 1923ರ ಕಾಯ್ದೆಯ ವ್ಯಾಖ್ಯೆಯಲ್ಲಿಯೇ 'ಸ್ಟೀಮ್ ಪೈಪ್' ಆಗಿತ್ತು, ಮತ್ತು ಅದರ ವಿನ್ಯಾಸ, ತಯಾರಿಕೆ, ಪರೀಕ್ಷೆಗಳ ವಿವರ 1950ರ ಭಾರತೀಯ ಬಾಯ್ಲರ್ ನಿಯಮಾವಳಿಯಲ್ಲಿತ್ತು. ಕರ್ನಾಟಕದಲ್ಲಿ ಈ ಹೊಣೆಯನ್ನು ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ ಹೊತ್ತಿದೆ. ಮಂಡ್ಯ, ಬೆಳಗಾವಿ, ಬಾಗಲಕೋಟೆಗಳ ಸಕ್ಕರೆ ಕಾರ್ಖಾನೆಗಳಲ್ಲಿ, ಮಂಗಳೂರಿನ ತೈಲ ಸಂಸ್ಕರಣಾಗಾರದಲ್ಲಿ, ರಾಯಚೂರಿನ ಶಾಖೋತ್ಪನ್ನ ಸ್ಥಾವರದಲ್ಲಿ ದುಡಿಯುವವರೂ ಅವುಗಳ ಸುತ್ತಮುತ್ತ ವಾಸಿಸುವವರೂ ಈ ಪೈಪ್‌ಗಳನ್ನು ದಿನವೂ ನೋಡುತ್ತಾರೆ. ಒಂದು ಪೈಪ್ ಇಷ್ಟೇ ಒತ್ತಡವನ್ನು ತಾಳಬಲ್ಲದು ಎಂದು ಹೇಳುವವರು ಯಾರು, ಯಾವ ಲೆಕ್ಕದ ಮೇಲೆ ಹೇಳುತ್ತಾರೆ ಎಂಬುದನ್ನು ಮೊದಲಿನಿಂದ ಬಿಡಿಸಿ ಹೇಳುವುದು ಈ ಲೇಖನದ ಉದ್ದೇಶ.

ಮನೆಯ ಪೈಪ್‌ನಿಂದಲೇ ಆರಂಭಿಸೋಣ

ಹೊಲಕ್ಕೆ ನೀರು ಹಾಯಿಸುವ ಪಿವಿಸಿ ಪೈಪ್‌ನ ಮೈಮೇಲೆ 4, 6, 10 ಎಂಬಂಥ ಅಂಕಿಗಳು ಅಚ್ಚಾಗಿರುತ್ತವೆ. ಪ್ರತಿ ಚದರ ಸೆಂಟಿಮೀಟರಿಗೆ ಅಷ್ಟು ಕಿಲೋಗ್ರಾಂ ಒತ್ತಡವನ್ನು ಆ ಪೈಪ್ ತಾಳುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ, ಮತ್ತು ಅದು ನಿಜ. ಆದರೆ ಐಎಸ್ 4985 ಎಂಬ ಭಾರತೀಯ ಮಾನಕದ ಪ್ರಕಾರ ಆ ಅಂಕಿ ಅನ್ವಯಿಸುವುದು ನೀರು 27 ಡಿಗ್ರಿ ಸೆಲ್ಸಿಯಸ್‌ನಲ್ಲಿರುವಾಗ. ನೀರು ಬಿಸಿಯಾದಂತೆ ಪಿವಿಸಿ ಮೆತ್ತಗಾಗುತ್ತದೆ; 60 ಡಿಗ್ರಿಯ ಹೊತ್ತಿಗೆ ಅದರ ತಾಳಿಕೆ ತಣ್ಣೀರಿನಲ್ಲಿದ್ದುದರ ಸುಮಾರು ಐದನೇ ಒಂದು ಭಾಗಕ್ಕೆ ಇಳಿದಿರುತ್ತದೆ. ಸೋಲಾರ್ ಹೀಟರ್‌ನಿಂದ ಬರುವ ನೀರಿಗೆ ಸಾಮಾನ್ಯ ಪಿವಿಸಿ ಹಾಕದೆ ಸಿಪಿವಿಸಿ ಹಾಕುವುದಕ್ಕೆ ಕಾರಣ ಇದು. ಸಿಪಿವಿಸಿಯಾದರೂ ಈ ನಿಯಮಕ್ಕೆ ಹೊರತಲ್ಲ. ಎಸ್‌ಡಿಆರ್ 11 ಎಂಬ ದಪ್ಪದ ಸಿಪಿವಿಸಿ ಪೈಪ್ 23 ಡಿಗ್ರಿಯಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 28 ಕಿಲೋಗ್ರಾಂ ತಾಳಿದರೆ, 82 ಡಿಗ್ರಿಯಲ್ಲಿ ತಾಳುವುದು ಸುಮಾರು 7 ಕಿಲೋಗ್ರಾಂ ಮಾತ್ರ.

ಉಕ್ಕಿನ ಪೈಪ್‌ಗೂ ಇದೇ ನಿಯಮ. ವ್ಯತ್ಯಾಸವಿರುವುದು ಎಷ್ಟು ಬಿಸಿಗೆ ಎಷ್ಟು ತಾಳಿಕೆ ಇಳಿಯುತ್ತದೆ ಎಂಬುದರಲ್ಲಿ. ಆದ್ದರಿಂದ ಒತ್ತಡದ ಮಿತಿಯನ್ನು ಹೇಳುವಾಗ ಅದರ ಜೊತೆಗೆ ತಾಪಮಾನವನ್ನೂ ಹೇಳಲೇಬೇಕು. ಈ ಜೋಡಿ ಅಂಕಿಗೆ ಕಾರ್ಖಾನೆಯ ಭಾಷೆಯಲ್ಲಿ ಪ್ರೆಶರ್-ಟೆಂಪರೇಚರ್ ರೇಟಿಂಗ್ ಎನ್ನುತ್ತಾರೆ. ಮುಂದೆ ಒತ್ತಡವನ್ನು ಬಾರ್ ಎಂಬ ಮಾನದಲ್ಲಿ ಹೇಳುತ್ತೇನೆ. ಒಂದು ಬಾರ್ ಎಂದರೆ ಪ್ರತಿ ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಂಗಿಂತ ಕೂದಲೆಳೆಯಷ್ಟು ಹೆಚ್ಚು.

ಒಳಗಿನ ಒತ್ತಡ ಪೈಪ್‌ಗೆ ಮಾಡುವುದೇನು

ಒಂದು ಪೈಪನ್ನು ಉದ್ದಕ್ಕೆ ಎರಡು ಹೋಳು ಮಾಡಿ, ಮತ್ತೆ ಹೊಂದಿಸಿ ಇಟ್ಟಿದ್ದೇವೆ ಎಂದು ಊಹಿಸಿಕೊಳ್ಳಿ. ಒಳಗಿನ ಹಬೆ ಆ ಎರಡು ಹೋಳುಗಳನ್ನು ಒಂದರಿಂದೊಂದು ದೂರಕ್ಕೆ ತಳ್ಳುತ್ತದೆ. ಪೈಪ್‌ನ ವ್ಯಾಸ ದೊಡ್ಡದಾದಷ್ಟೂ ಹಬೆ ತಳ್ಳುವ ಜಾಗ ಹೆಚ್ಚುವುದರಿಂದ ಬಲವೂ ಹೆಚ್ಚುತ್ತದೆ. ಅದನ್ನು ಹಿಡಿದು ನಿಲ್ಲಿಸಬೇಕಾದದ್ದು ಎರಡು ಬದಿಯ ಗೋಡೆಗಳಷ್ಟೆ. ಲೋಹದ ಪ್ರತಿ ಚದರ ಮಿಲಿಮೀಟರಿನ ಮೇಲೆ ಬೀಳುವ ಈ ಎಳೆತಕ್ಕೆ ಸ್ಟ್ರೆಸ್ ಎಂದು ಹೆಸರು. ಒತ್ತಡವನ್ನು ವ್ಯಾಸದಿಂದ ಗುಣಿಸಿ, ಗೋಡೆಯ ದಪ್ಪದ ಎರಡರಷ್ಟರಿಂದ ಭಾಗಿಸಿದರೆ ಅದರ ಅಂದಾಜು ಸಿಗುತ್ತದೆ. ಉದ್ದದ ದಿಕ್ಕಿನಲ್ಲಿ ಬೀಳುವ ಎಳೆತ ಇದರ ಅರ್ಧದಷ್ಟು ಮಾತ್ರ. ಒತ್ತಡ ಮೀರಿದ ಪೈಪ್ ಅಡ್ಡಕ್ಕೆ ತುಂಡಾಗುವುದಕ್ಕಿಂತ ಉದ್ದಕ್ಕೆ ಸೀಳುವುದೇ ಹೆಚ್ಚು ಎಂಬುದಕ್ಕೆ ಇದೇ ಕಾರಣ.

ಹೀಗಾಗಿ ಒಂದೇ ದಪ್ಪದ, ಒಂದೇ ಲೋಹದ ಎರಡು ಪೈಪ್‌ಗಳಲ್ಲಿ ಸಣ್ಣ ವ್ಯಾಸದ್ದು ಹೆಚ್ಚು ಒತ್ತಡ ತಾಳುತ್ತದೆ. ಪೈಪ್‌ಗಳ ದಪ್ಪವನ್ನು ಶೆಡ್ಯೂಲ್ 40, ಶೆಡ್ಯೂಲ್ 80 ಎಂದು ಗುರುತಿಸುತ್ತಾರೆ. ಈ ಅಂಕಿ ಒತ್ತಡವೂ ಅಲ್ಲ, ಮಿಲಿಮೀಟರೂ ಅಲ್ಲ. ಪ್ರತಿ ಅಳತೆಯ ಪೈಪ್‌ಗೂ ಶೆಡ್ಯೂಲಿಗೆ ತಕ್ಕ ದಪ್ಪವನ್ನು ಹೇಳುವ ಪಟ್ಟಿ ಬೇರೆಯೇ ಇದೆ. ಉದಾಹರಣೆಗೆ 6 ಇಂಚಿನ ಪೈಪ್‌ನ ಹೊರವ್ಯಾಸ 168.3 ಮಿ.ಮೀ.; ಶೆಡ್ಯೂಲ್ 40ರಲ್ಲಿ ಅದರ ಗೋಡೆಯ ದಪ್ಪ 7.11 ಮಿ.ಮೀ.

ಬಿಸಿ ಲೋಹವನ್ನು ಹೇಗೆ ಸೋಲಿಸುತ್ತದೆ

ಉಕ್ಕಿಗೆ ಎರಡು ಮುಖ್ಯ ಮಿತಿಗಳಿವೆ. ಎಳೆದು ಬಿಟ್ಟಾಗ ಲೋಹ ಮೊದಲಿನ ಅಳತೆಗೆ ಮರಳದೆ ಹಿಗ್ಗಿದಂತೆಯೇ ಉಳಿದುಬಿಡುವ ಹಂತವೊಂದು. ಇದನ್ನು ಯೀಲ್ಡ್ ಎನ್ನುತ್ತಾರೆ. ಇನ್ನೂ ಎಳೆದರೆ ಹರಿದುಹೋಗುವ ಹಂತ ಎರಡನೆಯದು. ಅದು ಟೆನ್ಸೈಲ್ ಸಾಮರ್ಥ್ಯ. ಕಾರ್ಖಾನೆಗಳಲ್ಲಿ ಅತ್ಯಂತ ಹೆಚ್ಚಾಗಿ ಕಾಣುವ ಎ106 ಗ್ರೇಡ್ ಬಿ ಎಂಬ ಕಾರ್ಬನ್ ಸ್ಟೀಲ್ ಪೈಪ್‌ಗೆ, ಕೋಣೆಯ ತಾಪಮಾನದಲ್ಲಿ, ಕನಿಷ್ಠ ಯೀಲ್ಡ್ 240 ಮೆಗಾಪಾಸ್ಕಲ್ ಮತ್ತು ಕನಿಷ್ಠ ಟೆನ್ಸೈಲ್ ಸಾಮರ್ಥ್ಯ 415 ಮೆಗಾಪಾಸ್ಕಲ್ ಇರಬೇಕು. ಒಂದು ಮೆಗಾಪಾಸ್ಕಲ್ ಎಂದರೆ 10 ಬಾರ್. ಬಿಸಿ ಏರಿದಂತೆ ಯೀಲ್ಡ್ ಕ್ರಮೇಣ ಇಳಿಯುತ್ತದೆ. 200, 300 ಡಿಗ್ರಿಗಳವರೆಗೆ ನಡೆಯುವುದು ಬಹುಮಟ್ಟಿಗೆ ಇಷ್ಟೇ, ಮತ್ತು ಇದು ಊಹೆಗೆ ಸಿಗುವಂಥದ್ದೇ.

ಕಾರ್ಬನ್ ಸ್ಟೀಲ್ 400 ಡಿಗ್ರಿಯ ಆಸುಪಾಸಿಗೆ ಬಂದಾಗ ಬೇರೊಂದು ಶತ್ರು ಕಾಣಿಸಿಕೊಳ್ಳುತ್ತದೆ: ಕಾಲ. ಬಟ್ಟೆ ಒಣಹಾಕಲು ಕಟ್ಟಿದ ಪ್ಲಾಸ್ಟಿಕ್ ಹಗ್ಗವನ್ನು ನೆನಪಿಸಿಕೊಳ್ಳಿ. ಒದ್ದೆ ಬಟ್ಟೆಯ ಭಾರಕ್ಕೆ ಅದು ಒಂದೇ ದಿನದಲ್ಲಿ ಹರಿಯುವುದಿಲ್ಲ, ಆದರೆ ತಿಂಗಳುಗಟ್ಟಲೆ ಅದೇ ಭಾರ ಹೊತ್ತು ಜೋಲುತ್ತಾ ಹೋಗುತ್ತದೆ, ಬಟ್ಟೆ ತೆಗೆದರೂ ಮೊದಲಿನ ಬಿಗಿತಕ್ಕೆ ಮರಳುವುದಿಲ್ಲ. ಬೇಸಿಗೆಯ ಬಿಸಿಲಿನಲ್ಲಿ ಜೋಲುವ ವೇಗ ಇನ್ನೂ ಹೆಚ್ಚು. ಬಿಸಿಯಾದ ಲೋಹವೂ ಯೀಲ್ಡ್‌ಗಿಂತ ಎಷ್ಟೋ ಕಡಿಮೆ ಎಳೆತದಲ್ಲಿಯೇ ಹೀಗೆ ನಿಧಾನವಾಗಿ ಹಿಗ್ಗುತ್ತದೆ. ಇದಕ್ಕೆ ಕ್ರೀಪ್ ಎನ್ನುತ್ತಾರೆ. ಕ್ರೀಪ್ ಶುರುವಾದ ಮೇಲೆ 'ಈ ಪೈಪ್ ಎಷ್ಟು ಒತ್ತಡ ತಾಳುತ್ತದೆ' ಎಂದು ಕೇಳಿದರೆ ಸಾಲದು, 'ಎಷ್ಟು ವರ್ಷ ತಾಳಬೇಕು' ಎಂದೂ ಕೇಳಬೇಕಾಗುತ್ತದೆ. ಆದ್ದರಿಂದ ಮಾನಕಗಳು ಒಂದು ಲಕ್ಷ ಗಂಟೆಗಳಲ್ಲಿ, ಅಂದರೆ ಸುಮಾರು ಹನ್ನೊಂದೂವರೆ ವರ್ಷ ಎಡೆಬಿಡದೆ ಕೆಲಸ ಮಾಡಿದಾಗ, ಲೋಹವನ್ನು ಹರಿಯಬಲ್ಲ ಸ್ಟ್ರೆಸ್ ಎಷ್ಟೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ.

ಇದಲ್ಲದೆ, 425 ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ ಬಹುಕಾಲ ಇದ್ದರೆ ಕಾರ್ಬನ್ ಸ್ಟೀಲ್‌ನ ಒಳರಚನೆಯೇ ಬದಲಾಗಿ, ಅದರೊಳಗಿನ ಇಂಗಾಲ ಗ್ರಾಫೈಟ್ ಆಗಿ ಬೇರ್ಪಡುವ ಸಂಭವವಿದೆ. ಹೊರಗಿನಿಂದ ನೋಡಿದರೆ ಪೈಪ್ ಹಾಗೆಯೇ ಇರುತ್ತದೆ, ಒಳಗಿನ ಗಟ್ಟಿತನ ಹೋಗಿರುತ್ತದೆ. ಪಟ್ಟಿಗಳಲ್ಲಿ ಇದಕ್ಕಿಂತ ಮೇಲಿನ ತಾಪಮಾನಗಳಿಗೂ ಅಂಕಿಗಳಿವೆಯಾದರೂ, ದೀರ್ಘಕಾಲದ ಬಳಕೆಗೆ ಇದು ತಕ್ಕದ್ದಲ್ಲ ಎಂಬ ಎಚ್ಚರಿಕೆ ಅಲ್ಲಿಯೇ ಇದೆ. ಆ ಅಡಿಟಿಪ್ಪಣಿಯನ್ನು ಓದದೆ ಅಂಕಿಯನ್ನು ಮಾತ್ರ ಓದುವುದು ಅಪಾಯಕಾರಿ. ಸುಮಾರು 540 ಡಿಗ್ರಿಯ ಹಬೆಯನ್ನು ಒಯ್ಯುವ ವಿದ್ಯುತ್ ಸ್ಥಾವರದ ಮುಖ್ಯ ಪೈಪ್‌ಗಳಿಗೆ ಕ್ರೋಮಿಯಂ ಮತ್ತು ಮಾಲಿಬ್ಡಿನಂ ಬೆರೆಸಿದ ಉಕ್ಕು ಬೇಕಾಗುವುದು ಇದಕ್ಕಾಗಿಯೇ. ಪಿ22 ಎಂಬ ಹೆಸರಿನದರಲ್ಲಿ ಕ್ರೋಮಿಯಂ ಶೇ 2.25ರಷ್ಟು, ಪಿ91ರಲ್ಲಿ ಶೇ 9ರಷ್ಟು ಇರುತ್ತದೆ. ರಾಯಚೂರು ಸಮೀಪದ ಯರಮರಸ್‌ನ 800 ಮೆಗಾವಾಟ್‌ನ ಎರಡು ಘಟಕಗಳು ಸೂಪರ್‌ಕ್ರಿಟಿಕಲ್ ಬಗೆಯವು. ಅಲ್ಲಿ ನೀರಿನ ಒತ್ತಡ 221 ಬಾರ್‌ನ ಸಂಧಿಬಿಂದುವನ್ನು, ಅಂದರೆ ನೀರು ಮತ್ತು ಹಬೆಯ ನಡುವಿನ ಭೇದವೇ ಅಳಿದುಹೋಗುವ ಕ್ರಿಟಿಕಲ್ ಹಂತವನ್ನು, ಮೀರಿರುತ್ತದೆ. ಅಷ್ಟು ಒತ್ತಡ ಮತ್ತು ಅಷ್ಟು ಬಿಸಿ ಎರಡೂ ಸೇರಿದ ಕಡೆ ಲೋಹದ ಆಯ್ಕೆಯೇ ಅರ್ಧ ವಿನ್ಯಾಸ.

ಎಳೆಯಬಹುದಾದಷ್ಟೂ ಎಳೆಯುವಂತಿಲ್ಲ

ಲೋಹ 415 ಮೆಗಾಪಾಸ್ಕಲ್‌ಗೆ ಹರಿಯುತ್ತದೆ ಎಂದ ಮಾತ್ರಕ್ಕೆ 400ರವರೆಗೆ ಹೇರುವ ಹಾಗಿಲ್ಲ. ವಿನ್ಯಾಸದಲ್ಲಿ ಹೇರಬಹುದಾದ ಗರಿಷ್ಠ ಎಳೆತಕ್ಕೆ ಅನುಮತಿತ ಸ್ಟ್ರೆಸ್ ಎಂದು ಹೆಸರು, ಅದನ್ನು ಮಾನಕಗಳು ನಿಗದಿ ಮಾಡುತ್ತವೆ. ಈ ಮಾನಕಗಳ ಹುಟ್ಟಿನ ಹಿಂದೆ ಅಪಘಾತಗಳ ಇತಿಹಾಸವಿದೆ. 1905ರ ಮಾರ್ಚ್ 20ರಂದು ಅಮೆರಿಕದ ಬ್ರಾಕ್ಟನ್ ಎಂಬಲ್ಲಿಯ ಪಾದರಕ್ಷೆ ಕಾರ್ಖಾನೆಯಲ್ಲಿ ಬಾಯ್ಲರ್ ಸ್ಫೋಟಿಸಿ 58 ಮಂದಿ ಸತ್ತರು. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆಯಾದ ಎಎಸ್‌ಎಂಇ ಮುಂದಿನ ದಶಕದಲ್ಲಿ ತನ್ನ ಮೊದಲ ಬಾಯ್ಲರ್ ನಿಯಮಗಳನ್ನು ಹೊರತಂದಿತು. ಇಂದು ಪ್ರಪಂಚದ ಬಹುಭಾಗದಲ್ಲಿ ಪೈಪ್‌ಗಳ ಲೆಕ್ಕ ನಡೆಯುವುದು ಅದೇ ಸಂಸ್ಥೆಯ ಬಿ31 ಸರಣಿಯ ಮಾನಕಗಳ ಪ್ರಕಾರ: ತೈಲ ಸಂಸ್ಕರಣೆ ಮತ್ತು ರಾಸಾಯನಿಕ ಕಾರ್ಖಾನೆಗಳಿಗೆ ಬಿ31.3, ವಿದ್ಯುತ್ ಸ್ಥಾವರಗಳಿಗೆ ಬಿ31.1. ಭಾರತದಲ್ಲಿ ಹಬೆಯ ಪೈಪ್‌ಗಳಿಗೆ ಬಾಯ್ಲರ್ ನಿಯಮಾವಳಿಯೂ ಕೂಡಿಕೊಳ್ಳುತ್ತದೆ.

ಬಿ31.3ರ ಪ್ರಕಾರ ಟೆನ್ಸೈಲ್ ಸಾಮರ್ಥ್ಯದ ಮೂರನೇ ಒಂದು ಭಾಗ, ಯೀಲ್ಡ್‌ನ ಮೂರನೇ ಎರಡು ಭಾಗ, ಮತ್ತು ಬಿಸಿ ಹೆಚ್ಚಿದ್ದಲ್ಲಿ ಕ್ರೀಪ್‌ಗೆ ಸಂಬಂಧಿಸಿದ ಮಿತಿಗಳು, ಇವುಗಳಲ್ಲಿ ಯಾವುದು ಅತಿ ಕಡಿಮೆಯೋ ಅದೇ ಅನುಮತಿತ ಸ್ಟ್ರೆಸ್. ಎ106 ಗ್ರೇಡ್ ಬಿಗೆ ಲೆಕ್ಕ ಹಾಕಿದರೆ 415ರ ಮೂರನೇ ಒಂದು ಭಾಗ 138, 240ರ ಮೂರನೇ ಎರಡು ಭಾಗ 160. ಆದ್ದರಿಂದ ಉತ್ತರ 138 ಮೆಗಾಪಾಸ್ಕಲ್. ಸುಮಾರು 200 ಡಿಗ್ರಿಯವರೆಗೆ ಇದು ಹೆಚ್ಚುಕಡಿಮೆ ಹೀಗೆಯೇ ಉಳಿದು, 430 ಡಿಗ್ರಿಯ ಸುಮಾರಿಗೆ ಅರ್ಧಕ್ಕಿಂತ ತುಸು ಹೆಚ್ಚೆನ್ನುವಲ್ಲಿಗೆ ಬರುತ್ತದೆ, 480 ದಾಟುವಾಗ ಮೂರನೇ ಒಂದು ಭಾಗವೂ ಉಳಿದಿರುವುದಿಲ್ಲ. ಮೊದಲ 200 ಡಿಗ್ರಿಗಳಲ್ಲಿ ಏನೂ ಆಗದ ಲೋಹ ಕೊನೆಯ ನೂರು ಡಿಗ್ರಿಗಳಲ್ಲಿ ಕುಸಿಯುತ್ತದೆ ಎಂಬುದನ್ನು ಗಮನಿಸಿ. 'ಇನ್ನೊಂದು ಮೂವತ್ತು ಡಿಗ್ರಿ ಹೆಚ್ಚಾದರೆ ಏನಾದೀತು' ಎಂಬ ಮಾತಿಗೆ ಉತ್ತರ ನಾವು ಎಲ್ಲಿ ನಿಂತಿದ್ದೇವೆ ಎಂಬುದನ್ನು ಅವಲಂಬಿಸಿದೆ.

ಬಿ31.1 ಇನ್ನೂ ಬಿಗಿಯಾಗಿದ್ದು, ಟೆನ್ಸೈಲ್ ಸಾಮರ್ಥ್ಯವನ್ನು ಮೂರರ ಬದಲು ಮೂರೂವರೆಯಿಂದ ಭಾಗಿಸುತ್ತದೆ. ಅದರಂತೆ ಇದೇ ಪೈಪ್‌ಗೆ ಸಿಗುವುದು 118 ಮೆಗಾಪಾಸ್ಕಲ್. ಒಂದೇ ಪೈಪ್‌ಗೆ ಎರಡು ಮಿತಿಗಳಿರುವುದು ವಿಚಿತ್ರವೆನಿಸಬಹುದು. ಲೋಹದ ನಿಜವಾದ ಶಕ್ತಿ ಬೇರೆ, ಅದರಲ್ಲಿ ಎಷ್ಟನ್ನು ಬಳಸಲು ಬಿಡುತ್ತೇವೆ ಎಂಬ ತೀರ್ಮಾನ ಬೇರೆ. ರೇಟಿಂಗ್‌ನಲ್ಲಿ ಈ ಎರಡೂ ಸೇರಿರುತ್ತವೆ.

ಒಂದು ಪೈಪ್‌ನ ಲೆಕ್ಕ

ಮೇಲೆ ಹೇಳಿದ 6 ಇಂಚಿನ ಶೆಡ್ಯೂಲ್ 40 ಪೈಪನ್ನೇ ತೆಗೆದುಕೊಳ್ಳೋಣ. ಗೋಡೆಯ ದಪ್ಪ 7.11 ಮಿ.ಮೀ. ಎಂದು ಪಟ್ಟಿಯಲ್ಲಿದ್ದರೂ, ತಯಾರಿಕೆಯಲ್ಲಿ ಶೇ 12.5ರಷ್ಟು ತೆಳುವಾಗಿದ್ದರೂ ಮಾನಕ ಒಪ್ಪುತ್ತದೆ. ಹಾಗಾಗಿ ನೆಚ್ಚಿಕೊಳ್ಳಬಹುದಾದದ್ದು 6.22 ಮಿ.ಮೀ. ವರ್ಷಗಳು ಕಳೆದಂತೆ ತುಕ್ಕು ಮತ್ತು ಸವಕಳಿಗೆ ಹೋಗುವ ಲೋಹಕ್ಕೆಂದು 3 ಮಿ.ಮೀ. ಮೀಸಲಿಟ್ಟರೆ ಉಳಿಯುವುದು 3.22 ಮಿ.ಮೀ. ಅರ್ಧಕ್ಕಿಂತ ಹೆಚ್ಚು ದಪ್ಪ ಲೆಕ್ಕ ಶುರುವಾಗುವ ಮೊದಲೇ ಹೋಯಿತು. ಉಳಿದ ದಪ್ಪ, 138 ಮೆಗಾಪಾಸ್ಕಲ್‌ನ ಅನುಮತಿತ ಸ್ಟ್ರೆಸ್ ಮತ್ತು 168.3 ಮಿ.ಮೀ. ಹೊರವ್ಯಾಸವನ್ನು ಬಿ31.3ರ ಸೂತ್ರದಲ್ಲಿಟ್ಟರೆ, 200 ಡಿಗ್ರಿಯವರೆಗೆ ಈ ಪೈಪ್ ಸುಮಾರು 53 ಬಾರ್ ತಾಳಬಲ್ಲದು ಎಂದು ಬರುತ್ತದೆ. ಇದು ಹೊಲಿಗೆಯಿಲ್ಲದ, ಅಂದರೆ ಸೀಮ್‌ಲೆಸ್ ಪೈಪ್‌ನ ಮಾತು. ತಗಡನ್ನು ಸುತ್ತಿ ಉದ್ದಕ್ಕೆ ವಿದ್ಯುತ್ತಿನಿಂದ ಬೆಸೆದ ಇಆರ್‌ಡಬ್ಲ್ಯು ಪೈಪ್ ಆಗಿದ್ದರೆ, ಆ ಬೆಸುಗೆಯ ಸಾಲಿಗಾಗಿ ಮಾನಕವು ಸಾಮಾನ್ಯವಾಗಿ ಶೇ 15ರಷ್ಟನ್ನು ಕಳೆಯುತ್ತದೆ.

53 ಬಾರ್ ಎಂಬುದು ಸಮಾಧಾನ ತರುವ ಅಂಕಿ. ಆದರೆ ಸಾಲಿನಲ್ಲಿ ಪೈಪ್ ಒಂದೇ ಇರುವುದಿಲ್ಲ.

ಫ್ಲ್ಯಾಂಜ್ ಮತ್ತು 'ಕ್ಲಾಸ್'

ಪೈಪ್‌ನ ತುದಿಗೆ ಬೆಸೆದ, ಸುತ್ತಲೂ ಬೋಲ್ಟ್ ತೂತುಗಳಿರುವ ಬಿಲ್ಲೆಯೇ ಫ್ಲ್ಯಾಂಜ್. ಎರಡು ಫ್ಲ್ಯಾಂಜ್‌ಗಳ ನಡುವೆ ಗ್ಯಾಸ್ಕೆಟ್ ಇಟ್ಟು ಬೋಲ್ಟ್ ಬಿಗಿದರೆ ಜೋಡಣೆಯಾಗುತ್ತದೆ. ಫ್ಲ್ಯಾಂಜ್‌ನ ಆಕಾರ ಸರಳವಲ್ಲ, ಅದರ ಮೇಲೆ ಬೋಲ್ಟ್‌ನ ಬಿಗಿತ, ಗ್ಯಾಸ್ಕೆಟ್‌ನ ಪ್ರತಿರೋಧ, ಒಳಗಿನ ಒತ್ತಡ ಎಲ್ಲವೂ ಕೆಲಸ ಮಾಡುತ್ತವೆ. ಪ್ರತಿಸಲವೂ ಅದನ್ನು ಹೊಸದಾಗಿ ಲೆಕ್ಕ ಹಾಕುವ ಬದಲು ಎಎಸ್‌ಎಂಇ ಬಿ16.5 ಎಂಬ ಮಾನಕ 24 ಇಂಚಿನವರೆಗಿನ ಫ್ಲ್ಯಾಂಜ್‌ಗಳನ್ನು ಏಳು ದರ್ಜೆಗಳಾಗಿ ವಿಂಗಡಿಸಿದೆ: ಕ್ಲಾಸ್ 150, 300, 400, 600, 900, 1500 ಮತ್ತು 2500. ಕಾರ್ಖಾನೆಯಲ್ಲಿ 'ನೂರೈವತ್ತು ಪೌಂಡ್ ಫ್ಲ್ಯಾಂಜ್' ಎನ್ನುವ ರೂಢಿ ಇಂದಿಗೂ ಇದೆ, ಅದರಿಂದ ತಪ್ಪು ತಿಳಿವಳಿಕೆಯೂ ಹುಟ್ಟುತ್ತದೆ. ಈ ಅಂಕಿ ಈಗ ಯಾವುದೇ ಒಂದು ಒತ್ತಡವನ್ನು ಹೇಳುವುದಿಲ್ಲ. ಯಾವ ಪಟ್ಟಿಯನ್ನು ತೆರೆದು ನೋಡಬೇಕು ಎಂಬುದನ್ನಷ್ಟೇ ಹೇಳುತ್ತದೆ.

ಪಟ್ಟಿ ಹೀಗಿದೆ. ಎ105 ಎಂಬ ಕಾರ್ಬನ್ ಸ್ಟೀಲ್‌ನಿಂದ ಮಾಡಿದ ಕ್ಲಾಸ್ 150 ಫ್ಲ್ಯಾಂಜ್ 38 ಡಿಗ್ರಿಯವರೆಗೆ 19.6 ಬಾರ್ ತಾಳುತ್ತದೆ; 100 ಡಿಗ್ರಿಯಲ್ಲಿ 17.7, 200 ಡಿಗ್ರಿಯಲ್ಲಿ 13.8, 300 ಡಿಗ್ರಿಯಲ್ಲಿ 10.2, 400 ಡಿಗ್ರಿಯಲ್ಲಿ 6.5 ಬಾರ್. ಅದೇ ಲೋಹದ ಕ್ಲಾಸ್ 300 ಫ್ಲ್ಯಾಂಜ್‌ಗೆ ಇದೇ ಹಂತಗಳಲ್ಲಿ 51.1, 46.6, 43.8, 39.8 ಮತ್ತು 34.7 ಬಾರ್ ಇವೆ. ಎರಡು ತಾಪಮಾನಗಳ ನಡುವಿನ ಅಂಕಿ ಬೇಕಾದರೆ ಸರಳ ಅನುಪಾತದಿಂದ ಕಂಡುಕೊಳ್ಳಬಹುದು. ಆದರೆ ಎರಡು ಕ್ಲಾಸ್‌ಗಳ ನಡುವೆ ಹಾಗೆ ಮಾಡುವಂತಿಲ್ಲ. ಒಂದು ಸಾಲದಿದ್ದರೆ ಮೇಲಿನದಕ್ಕೆ ಹೋಗಲೇಬೇಕು.

ಈಗ ಒಂದು ಪ್ರಶ್ನೆ. 17 ಬಾರ್ ಒತ್ತಡದ ಹಬೆಯ ಸಾಲಿಗೆ ಕ್ಲಾಸ್ 150 ಸಾಕೇ? 19.6 ಎಂಬ ಮೊದಲ ಅಂಕಿಯನ್ನು ಮಾತ್ರ ನೆನಪಿಟ್ಟುಕೊಂಡವರು ಸಾಕು ಎನ್ನುತ್ತಾರೆ. ಆದರೆ ಆ ಒತ್ತಡದಲ್ಲಿ ಹಬೆಯ ತಾಪಮಾನ ಕನಿಷ್ಠ 207 ಡಿಗ್ರಿ ಇರುತ್ತದೆ, ಏಕೆಂದರೆ ಒತ್ತಡ ಏರಿದಂತೆ ನೀರು ಕುದಿಯುವ ತಾಪಮಾನವೂ ಏರುತ್ತದೆ. 207 ಡಿಗ್ರಿಯಲ್ಲಿ ಕ್ಲಾಸ್ 150ರ ಮಿತಿ ಸುಮಾರು 13.5 ಬಾರ್. ಅಂದರೆ ಸಾಲದು, ಕ್ಲಾಸ್ 300 ಬೇಕು. 17 ಬಾರ್‌ನ ತಣ್ಣೀರಿಗೆ ಸಾಕಾಗುವ ಫ್ಲ್ಯಾಂಜ್ 17 ಬಾರ್‌ನ ಹಬೆಗೆ ಸಾಲುವುದಿಲ್ಲ. ಈ ಲೇಖನದಲ್ಲಿ ಒಂದೇ ಒಂದು ಅಂಶ ನೆನಪಿನಲ್ಲಿ ಉಳಿಯುವುದಾದರೆ ಅದು ಇದಾಗಲಿ ಎಂಬುದು ನನ್ನ ಆಸೆ.

ಯುರೋಪಿನ ಪದ್ಧತಿಯಲ್ಲಿ ಕ್ಲಾಸ್ ಬದಲಿಗೆ ಪಿಎನ್ 10, ಪಿಎನ್ 16, ಪಿಎನ್ 40 ಎಂಬ ಗುರುತುಗಳಿವೆ. ಅವು ಹೆಚ್ಚುಕಡಿಮೆ ಕೋಣೆಯ ತಾಪಮಾನದ ಬಾರ್ ಅಂಕಿಗಳೇ ಆಗಿರುವುದರಿಂದ ಓದಲು ಸುಲಭ, ಆದರೆ ಬಿಸಿಯಲ್ಲಿ ಅವೂ ಇಳಿಯುತ್ತವೆ.

ಸ್ಟೇನ್‌ಲೆಸ್ ಸ್ಟೀಲ್ ಯಾವಾಗಲೂ ಮೇಲೇ?

ಬೆಲೆ ಹೆಚ್ಚಿನ ಲೋಹ ಹೆಚ್ಚು ಒತ್ತಡ ತಾಳುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಪಟ್ಟಿ ಅದನ್ನು ಒಪ್ಪುವುದಿಲ್ಲ. ಕ್ಲಾಸ್ 300ರಲ್ಲಿ, 38 ಡಿಗ್ರಿಯಲ್ಲಿ, ಕಾರ್ಬನ್ ಸ್ಟೀಲ್‌ಗೆ 51.1 ಬಾರ್ ಇದ್ದರೆ 316 ಸ್ಟೇನ್‌ಲೆಸ್ ಸ್ಟೀಲ್‌ಗೆ 49.6, ಇಂಗಾಲ ಕಡಿಮೆ ಇರುವ 304ಎಲ್ ಮತ್ತು 316ಎಲ್ ಬಗೆಗಳಿಗೆ 41.4 ಮಾತ್ರ. 200 ಡಿಗ್ರಿಯಲ್ಲಿ ಅಂತರ ಇನ್ನೂ ಹೆಚ್ಚುತ್ತದೆ: ಕಾರ್ಬನ್ ಸ್ಟೀಲ್ 43.8, 316 ಬಗೆ 35.7, ಎಲ್ ಬಗೆಗಳು 29.2. ತುಕ್ಕು ತಡೆಯಲೆಂದು ಕಾರ್ಬನ್ ಸ್ಟೀಲ್ ತೆಗೆದು ಅದೇ ಕ್ಲಾಸಿನ 316ಎಲ್ ಫ್ಲ್ಯಾಂಜ್ ಹಾಕಿದರೆ, ಒತ್ತಡದ ಮಿತಿ ಮೂರನೇ ಒಂದು ಭಾಗದಷ್ಟು ಇಳಿದಿರುತ್ತದೆ, ನೋಡುವ ಕಣ್ಣಿಗೆ ಅದೇ ಅಳತೆ, ಅದೇ ಬೋಲ್ಟ್‌ಗಳು.

ಬಿಸಿ ಬಹಳ ಏರಿದಾಗ ಚಿತ್ರ ತಿರುಗಿಬೀಳುತ್ತದೆ. 500 ಡಿಗ್ರಿಯಲ್ಲಿ ಕ್ಲಾಸ್ 300ರ ಕಾರ್ಬನ್ ಸ್ಟೀಲ್ 11.8 ಬಾರ್‌ಗೆ ಕುಸಿದಿದ್ದರೆ, 316 ಬಗೆ 28.2 ಬಾರ್‌ನಲ್ಲಿ ನಿಂತಿರುತ್ತದೆ. ಆದ್ದರಿಂದ ಯಾವ ಲೋಹ ಮೇಲು ಎಂಬ ಪ್ರಶ್ನೆಗೆ ತಾಪಮಾನ ಹೇಳದೆ ಉತ್ತರವಿಲ್ಲ. ಕ್ಲಾಸ್ 150ರಲ್ಲಿ ಇನ್ನೊಂದು ವಿಶೇಷವಿದೆ: ಎಂಥ ಲೋಹವಾದರೂ ದಾಟಬಾರದ ಒಂದು ಮೇಲ್ಮಿತಿಯನ್ನು ಮಾನಕ ಹಾಕಿದೆ. 300 ಡಿಗ್ರಿಯಲ್ಲಿ ಕಾರ್ಬನ್ ಸ್ಟೀಲ್‌ಗೂ 316 ಬಗೆಗೂ ಅದೇ 10.2 ಬಾರ್ ಇರುವುದು ಆ ಕಾರಣದಿಂದ.

ಸಾಲಿನ ಶಕ್ತಿ ಅದರ ದುರ್ಬಲ ಭಾಗದ್ದೇ

ನಮ್ಮ 6 ಇಂಚಿನ ಪೈಪ್ 200 ಡಿಗ್ರಿಯಲ್ಲಿ 53 ಬಾರ್ ತಾಳುತ್ತದೆ, ಅದಕ್ಕೆ ಬೆಸೆದ ಕ್ಲಾಸ್ 150 ಫ್ಲ್ಯಾಂಜ್ 13.8 ಬಾರ್ ತಾಳುತ್ತದೆ ಎಂದಾದರೆ ಇಡೀ ಸಾಲಿನ ಮಿತಿ 13.8 ಬಾರ್. ವಾಲ್ವ್‌ನಲ್ಲಿ ಇನ್ನೂ ಕಡಿಮೆಯ ಮಿತಿ ಅಡಗಿರಬಹುದು. ವಾಲ್ವ್‌ನ ಉಕ್ಕಿನ ಮೈಗೆ ಅದರ ಕ್ಲಾಸಿನ ರೇಟಿಂಗ್ ಇದ್ದರೂ, ಬಾಲ್ ವಾಲ್ವ್‌ನ ಒಳಗೆ ಗುಂಡನ್ನು ಅಪ್ಪಿ ಹಿಡಿಯುವ ಸೀಟ್ ಸಾಮಾನ್ಯವಾಗಿ ಪಿಟಿಎಫ್‌ಇ ಎಂಬ ಮೃದು ವಸ್ತುವಿನದು. ಬಿಸಿಯಲ್ಲಿ ಅದು ಉಕ್ಕಿಗಿಂತ ಬಹು ಬೇಗ ಸೋಲುತ್ತದೆ. ತಯಾರಕರು ಸೀಟ್‌ಗೆಂದೇ ಪ್ರತ್ಯೇಕ ರೇಖಾಚಿತ್ರ ಕೊಡುತ್ತಾರೆ, ಅದನ್ನೂ ನೋಡಬೇಕು. ಗ್ಯಾಸ್ಕೆಟ್‌ಗೂ ಇದೇ ಮಾತು: ಅದರ ವಸ್ತುವಿಗೆ ತಕ್ಕಂತೆ ಬಿಸಿಯ ಮಿತಿ ಬೇರೆಬೇರೆ, ಹೆಚ್ಚು ಬಿಸಿಯ ಹಬೆಗೆ ಲೋಹದ ಪಟ್ಟಿ ಮತ್ತು ಗ್ರಾಫೈಟ್ ಸುತ್ತಿ ಮಾಡಿದ ಸ್ಪೈರಲ್ ವೌಂಡ್ ಗ್ಯಾಸ್ಕೆಟ್ ಬಳಸುತ್ತಾರೆ.

ಯಾವ ಒತ್ತಡ, ಯಾವ ತಾಪಮಾನ?

ಪಟ್ಟಿಗಳೆಲ್ಲ ಕೈಯಲ್ಲಿದ್ದರೂ, ಅವುಗಳೊಳಗೆ ಯಾವ ಜೋಡಿ ಅಂಕಿಯನ್ನು ಹಿಡಿದು ಹೋಗಬೇಕು ಎಂಬುದು ಉಳಿಯುತ್ತದೆ. ದಿನನಿತ್ಯ ಮೀಟರ್‌ನಲ್ಲಿ ಕಾಣುವ ಒತ್ತಡವನ್ನು ಹಿಡಿದರೆ ತಪ್ಪಾಗುತ್ತದೆ. ಮುಂದಿನ ವಾಲ್ವ್ ಮುಚ್ಚಿರುವಾಗಲೂ ಪಂಪ್ ತಿರುಗುತ್ತಿದ್ದರೆ ಒತ್ತಡ ಎಷ್ಟಕ್ಕೇರುತ್ತದೆ, ಸುರಕ್ಷತಾ ವಾಲ್ವ್ ಎಷ್ಟಕ್ಕೆ ತೆರೆಯುತ್ತದೆ, ಎತ್ತರದ ತೊಟ್ಟಿಯ ದ್ರವದ ಭಾರ ಎಷ್ಟು ಕೂಡುತ್ತದೆ, ತಂಪು ಮಾಡುವ ಘಟಕ ಕೆಟ್ಟು ನಿಂತರೆ ಬಿಸಿ ಎಷ್ಟಾಗುತ್ತದೆ, ಇವೆಲ್ಲವನ್ನೂ ಪಟ್ಟಿ ಮಾಡಬೇಕು. ಒತ್ತಡ ಮತ್ತು ತಾಪಮಾನ ಒಂದೇ ಹೊತ್ತಿನಲ್ಲಿ ಕೂಡಿಬರುವ ಸಂದರ್ಭಗಳಲ್ಲಿ, ಅತಿ ದಪ್ಪದ ಗೋಡೆ ಅಥವಾ ಅತಿ ಮೇಲಿನ ಕ್ಲಾಸನ್ನು ಬೇಡುವ ಜೋಡಿಯೇ ವಿನ್ಯಾಸದ ಜೋಡಿ. ಅದು ಅತಿ ಹೆಚ್ಚಿನ ಒತ್ತಡದ ಸಂದರ್ಭವೇ ಆಗಿರಬೇಕೆಂದಿಲ್ಲ. 18 ಬಾರ್ ತಣ್ಣೀರಿಗಿಂತ 15 ಬಾರ್ ಹಬೆ ಹೆಚ್ಚು ಬೇಡುತ್ತದೆ. ಬಿ31.3ರ ಪ್ರಕಾರ, ಮಾಲೀಕರ ಒಪ್ಪಿಗೆಯೊಂದಿಗೆ ಮತ್ತು ಹಲವು ಷರತ್ತುಗಳಿಗೆ ಒಳಪಟ್ಟು, ವರ್ಷಕ್ಕೆ ನೂರು ಗಂಟೆ ಮೀರದಂತೆ, ಒಂದು ಸಲಕ್ಕೆ ಹತ್ತು ಗಂಟೆ ಮೀರದಂತೆ, ಮಿತಿಯನ್ನು ಶೇ 33ರವರೆಗೆ ದಾಟಲು ಅವಕಾಶವಿದೆ. ಈ ಅವಕಾಶವನ್ನು ಅನಿರೀಕ್ಷಿತ ಏರಿಳಿತಕ್ಕೆಂದು ಇಟ್ಟಿರಬೇಕೇ ಹೊರತು ಉತ್ಪಾದನೆ ಹೆಚ್ಚಿಸಲು ಬಳಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಸುರಕ್ಷತಾ ವಾಲ್ವ್ ತೆರೆಯುವ ಒತ್ತಡ ಏಕೆ ಮುಖ್ಯ ಎಂಬುದಕ್ಕೆ ಇಂಗ್ಲೆಂಡಿನ ಫ್ಲಿಕ್ಸ್‌ಬರೋ ದುರಂತ ಸಾಕ್ಷಿ. ಅಲ್ಲಿಯ ಕಾರ್ಖಾನೆಯಲ್ಲಿ ಸೈಕ್ಲೋಹೆಕ್ಸೇನ್ ಎಂಬ ದಹನಶೀಲ ದ್ರವ ಸುಮಾರು 155 ಡಿಗ್ರಿಯಲ್ಲಿ, ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 8.8 ಕಿಲೋಗ್ರಾಂ ಒತ್ತಡದಲ್ಲಿ, ಸಾಲಾಗಿದ್ದ ಆರು ರಿಯಾಕ್ಟರುಗಳ ಮೂಲಕ ಹರಿಯುತ್ತಿತ್ತು. 1974ರ ಮಾರ್ಚ್‌ನಲ್ಲಿ ಐದನೆಯದರಲ್ಲಿ ಬಿರುಕು ಕಂಡು ಅದನ್ನು ತೆಗೆದು, ನಾಲ್ಕನೆಯದಕ್ಕೂ ಆರನೆಯದಕ್ಕೂ ನಡುವೆ 20 ಇಂಚಿನ ಡೊಂಕು ಪೈಪೊಂದನ್ನು ತಾತ್ಕಾಲಿಕವಾಗಿ ಜೋಡಿಸಿದರು. ಅದರ ಎರಡೂ ತುದಿಗಳಲ್ಲಿ ಹಿಗ್ಗಿ ಕುಗ್ಗುವ ಬೆಲ್ಲೋಸ್‌ಗಳಿದ್ದವು. ನೇರ ಪೈಪ್ ಈ ಒತ್ತಡ ತಾಳುತ್ತದೆಯೇ ಎಂಬ ಲೆಕ್ಕ ನಡೆದಿತ್ತು. ಡೊಂಕಿನಿಂದ ಹುಟ್ಟುವ ಬಲಗಳ ಮತ್ತು ಬೆಲ್ಲೋಸ್‌ಗಳ ಲೆಕ್ಕ ನಡೆದಿರಲಿಲ್ಲ. ಪರೀಕ್ಷೆ ನಡೆದದ್ದು 9 ಕಿಲೋಗ್ರಾಂ ಒತ್ತಡದವರೆಗೆ ಮಾತ್ರ, ಸುರಕ್ಷತಾ ವಾಲ್ವ್ ತೆರೆಯಬೇಕಾದದ್ದು 11ಕ್ಕೆ. ಜೂನ್ 1ರಂದು ಆ ಜೋಡಣೆ ಕಿತ್ತುಬಂದು, ಹೊರಚೆಲ್ಲಿದ ಆವಿ ಹೊತ್ತಿಕೊಂಡು ಸ್ಫೋಟಿಸಿ 28 ಮಂದಿ ಸತ್ತರು. ಪೈಪ್‌ನ ಗೋಡೆ ಗಟ್ಟಿಯಿದ್ದ ಮಾತ್ರಕ್ಕೆ ಸಾಲು ಗಟ್ಟಿಯಾಗಿರಲಿಲ್ಲ.

ತಂಪಿಗೂ ಮಿತಿಯಿದೆ

ರೇಟಿಂಗ್ ಪಟ್ಟಿಗಳು ಸೊನ್ನೆಗಿಂತ 29 ಡಿಗ್ರಿ ಕೆಳಗಿನಿಂದ ಶುರುವಾಗುತ್ತವೆ. ಅದಕ್ಕಿಂತ ತಣ್ಣಗಾದರೆ ಲೋಹದ ಶಕ್ತಿ ಕಡಿಮೆಯಾಗುವುದಿಲ್ಲ, ಬದಲಿಗೆ ಅದು ಗಾಜಿನಂತೆ ಪೆಡಸಾಗುವ ಭಯವಿದೆ. ಆಗ ಬಾಗುವ ಬದಲು ಒಮ್ಮೆಲೇ ಒಡೆಯುತ್ತದೆ. 1998ರ ಸೆಪ್ಟೆಂಬರ್ 25ರಂದು ಆಸ್ಟ್ರೇಲಿಯಾದ ಲಾಂಗ್‌ಫರ್ಡ್ ಅನಿಲ ಘಟಕದಲ್ಲಿ ಬಿಸಿ ಎಣ್ಣೆಯ ಹರಿವು ನಿಂತು ಶಾಖ ವಿನಿಮಯಕವೊಂದು ಸೊನ್ನೆಗಿಂತ ಸುಮಾರು 48 ಡಿಗ್ರಿ ಕೆಳಗೆ ತಣ್ಣಗಾಯಿತು. ಬಿಸಿ ಎಣ್ಣೆಯನ್ನು ಮತ್ತೆ ಹರಿಸಿದಾಗ ಪೆಡಸಾಗಿದ್ದ ಆ ಉಕ್ಕು ಒಡೆದು ಇಬ್ಬರು ಸತ್ತರು, ಎಂಟು ಮಂದಿ ಗಾಯಗೊಂಡರು. ತಂಪಿನ ಸಾಲುಗಳಿಗೆ ಸೊನ್ನೆಗಿಂತ 46 ಡಿಗ್ರಿ ಕೆಳಗಿನವರೆಗೆ ಹೊಡೆತದ ಪರೀಕ್ಷೆಗೆ ಒಳಪಡಿಸಿದ ಎಲ್ಎಫ್2 ಬಗೆಯ ಉಕ್ಕನ್ನೂ, ಸೊನ್ನೆಗಿಂತ ಸುಮಾರು 162 ಡಿಗ್ರಿ ಕೆಳಗಿನ ದ್ರವ ನೈಸರ್ಗಿಕ ಅನಿಲಕ್ಕೆ 304ಎಲ್‌ನಂಥ ಸ್ಟೇನ್‌ಲೆಸ್ ಸ್ಟೀಲನ್ನೂ ಬಳಸುತ್ತಾರೆ.

ಪರೀಕ್ಷೆ, ಮತ್ತು ವರ್ಷಗಳ ನಂತರ ಮರುಲೆಕ್ಕ

ಜೋಡಿಸಿದ ಸಾಲನ್ನು ನೀರು ತುಂಬಿ, ಸಾಮಾನ್ಯವಾಗಿ ವಿನ್ಯಾಸ ಒತ್ತಡದ ಒಂದೂವರೆಯಷ್ಟಕ್ಕೆ ಏರಿಸಿ ಪರೀಕ್ಷಿಸುತ್ತಾರೆ. ನೀರನ್ನೇ ಬಳಸುವುದಕ್ಕೆ ಕಾರಣವಿದೆ: ಗಾಳಿಯನ್ನು ಒತ್ತಿ ತುಂಬಿದರೆ ಅದರಲ್ಲಿ ಅಪಾರ ಶಕ್ತಿ ಕೂಡಿರುತ್ತದೆ, ಪೈಪ್ ಸೀಳಿದರೆ ಅದೇ ಒಂದು ಸ್ಫೋಟ, ನೀರು ಒತ್ತಿಗೆ ಅಷ್ಟಾಗಿ ಕುಗ್ಗುವುದಿಲ್ಲವಾದ್ದರಿಂದ ಸೋರಿ ಒತ್ತಡ ಇಳಿದುಬಿಡುತ್ತದೆ. ಸಾಲು ನಾಳೆ ಕೆಲಸ ಮಾಡಬೇಕಾದದ್ದು 400 ಡಿಗ್ರಿಯಲ್ಲಿ, ಪರೀಕ್ಷೆ ನಡೆಯುವುದು ತಣ್ಣೀರಿನಲ್ಲಿ. ತಣ್ಣಗಿರುವ ಲೋಹ ಹೆಚ್ಚು ಗಟ್ಟಿ. ಆದ್ದರಿಂದ ಪರೀಕ್ಷೆಯ ಒತ್ತಡವನ್ನು ಎರಡು ತಾಪಮಾನಗಳ ಅನುಮತಿತ ಸ್ಟ್ರೆಸ್‌ಗಳ ಅನುಪಾತದಲ್ಲಿ ಇನ್ನಷ್ಟು ಏರಿಸಬೇಕಾಗುತ್ತದೆ. ಭಾರತದಲ್ಲಿ ಬಾಯ್ಲರ್ ನಿಯಮಾವಳಿಗೆ ಒಳಪಡುವ ಸಾಲಿನ ವಾಲ್ವ್‌ಗಳ ಜೊತೆಗೆ ಫಾರ್ಮ್ 3-ಸಿ ಎಂಬ ಪ್ರಮಾಣಪತ್ರ ಬರುತ್ತದೆ. ಲೋಹದ ಬಗೆ ಮತ್ತು ಪರೀಕ್ಷೆಯ ವಿವರ ಅದರಲ್ಲಿರುತ್ತದೆ, ಅದಿಲ್ಲದ ವಾಲ್ವ್ ಎಷ್ಟೇ ಚೆನ್ನಾಗಿ ಕಂಡರೂ ಆ ಸಾಲಿಗೆ ಸಲ್ಲುವುದಿಲ್ಲ.

ಹೊಸದಾಗಿ ಹಾಕಿದ ದಿನದ ರೇಟಿಂಗ್ ಕೊನೆಯವರೆಗೂ ಹಾಗೆಯೇ ಉಳಿಯುವುದೂ ಇಲ್ಲ. ಬಾಗುಗಳಲ್ಲಿ, ನೀರು ನಿಲ್ಲುವ ತಗ್ಗುಗಳಲ್ಲಿ, ಹೊದಿಕೆಯ ಕೆಳಗೆ ತೇವ ಹಿಡಿದಿರುವಲ್ಲಿ ಗೋಡೆ ಬೇಗ ಸವೆಯುತ್ತದೆ. ಶ್ರವಣಾತೀತ ಧ್ವನಿಯ ಉಪಕರಣವನ್ನು ಹೊರಗಿನಿಂದ ತಾಗಿಸಿ ಗೋಡೆಯ ದಪ್ಪ ಅಳೆಯುತ್ತಾರೆ, ಹಿಂದಿನ ಅಳತೆಯೊಂದಿಗೆ ಹೋಲಿಸಿ ವರ್ಷಕ್ಕೆ ಎಷ್ಟು ಸವೆಯುತ್ತಿದೆ ಎಂದು ಕಂಡುಕೊಳ್ಳುತ್ತಾರೆ. 3 ಮಿ.ಮೀ. ಮೀಸಲಿನಲ್ಲಿ 2 ಮಿ.ಮೀ. ಹೋಗಿದ್ದು, ವರ್ಷಕ್ಕೆ 0.2 ಮಿ.ಮೀ. ಸವೆಯುತ್ತಿದ್ದರೆ ಉಳಿದಿರುವುದು ಐದು ವರ್ಷ. ಅಷ್ಟರೊಳಗೆ ಪೈಪ್ ಬದಲಿಸಬೇಕು, ಇಲ್ಲವೇ ಉಳಿದ ದಪ್ಪವನ್ನು ಅದೇ ಸೂತ್ರದಲ್ಲಿಟ್ಟು ಕಡಿಮೆ ಒತ್ತಡದ ಹೊಸ ಮಿತಿಯನ್ನು ಗೊತ್ತುಮಾಡಿ, ಸುರಕ್ಷತಾ ವಾಲ್ವನ್ನೂ ಆ ಮಿತಿಗೆ ತಕ್ಕಂತೆ ಇಳಿಸಬೇಕು.